ಹೊರಗೆ ಹೋಗಿ ಮಾತಾಡಿ

ಐಸಿಯುನಲ್ಲಿ ಮೊದಲ ದಿನ ಡಾಕ್ಟರ್ ಹೇಳಿದ್ದರಲ್ಲಿ ನನಗೆ ಸಮಾಧಾನ ಕೊಟ್ಟಿದ್ದು ಒಂದು ನಂಬರ್ ಮಾತ್ರ. "ಇ ಒಂದು, ಎಂ ನಾಲ್ಕು. ಬಾಯಲ್ಲಿ ಟ್ಯೂಬ್ ಇದೆ, ಹಾಗಾಗಿ ವಿ ಅಳೆಯೋಕಾಗಲ್ಲ" ಅಂದರು. ತಕ್ಷಣ ಫೋನಿನಲ್ಲಿ ಬರೆದುಕೊಂಡೆ. ಆ ರಾತ್ರಿಯೇ ಒಂದು ಎಕ್ಸೆಲ್ ಶೀಟ್ ಮಾಡಿದೆ. ತಾರೀಖು, ಸಮಯ, ಇ, ವಿ, ಎಂ. ಪ್ರೊಡಕ್ಷನ್‌ನಲ್ಲಿ ಏನಾದರೂ ಬಿದ್ದರೆ ಮೊದಲು ಡ್ಯಾಶ್‌ಬೋರ್ಡ್ ತೆರೆಯುವ ಜಾತಿ ನಮ್ಮದು.

ಈ ಸಲ ಬಿದ್ದಿದ್ದು ಅಪ್ಪಯ್ಯ. 2022ರ ಮಳೆಗಾಲ. ಮಳೆ ಸ್ವಲ್ಪ ಹೊಳವಾಯಿತು ಅಂತ ತೋಟಕ್ಕೆ ಹೋದವರು ಊಟದ ಹೊತ್ತಿಗೆ ಬರಲಿಲ್ಲ. ಹುಡುಕಿಕೊಂಡು ಹೋದಾಗ ಬಸಿಗಾಲುವೆ ಪಕ್ಕ ಬಿದ್ದಿದ್ದರು. ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಆಂಬುಲೆನ್ಸ್, ಬೆಂಗಳೂರಿಂದ ಶಿವಮೊಗ್ಗಕ್ಕೆ ನನ್ನ ಕಾರು. ನಾನು ಮುಟ್ಟುವ ಹೊತ್ತಿಗೆ ಅವರಿಗೆ ವೆಂಟಿಲೇಟರ್ ಹಾಕಿಯಾಗಿತ್ತು.

ಐಸಿಯು ಹೊರಗಿನ ಸ್ಟೀಲ್ ಕುರ್ಚಿ ಮೇಲೆ ಕೂತಿದ್ದ ಅಮ್ಮನಿಗೆ ನಾನು ಸ್ಕೋರ್ ವಿವರಿಸಲು ಶುರು ಮಾಡಿದೆ. ಇ ಅಂದರೆ ಕಣ್ಣು, ವಿ ಅಂದರೆ ಮಾತು, ಎಂ ಅಂದರೆ ಕೈಕಾಲಿನ ಚಲನೆ. ಅಮ್ಮ ಅರ್ಧಕ್ಕೇ ತಡೆದರು.

"ಅದೆಲ್ಲ ಇರ್ಲಿ ಮಾರಾಯ. ಅವ್ರು ಒಳಗಿದಾರಾ ಇಲ್ವಾ, ಅದನ್ನ ಹೇಳು."

ಅವರು ಕೇಳಿದ್ದು ಐಸಿಯು ಒಳಗಲ್ಲ ಅಂತ ಗೊತ್ತಾಗಲು ನನಗೆ ಒಂದು ಕ್ಷಣ ಬೇಕಾಯಿತು. ಉತ್ತರ ಇರಲಿಲ್ಲ. "ಡಾಕ್ಟರ್ ಹತ್ರ ಕೇಳ್ತೀನಿ" ಅಂದೆ. ಯಾವ ಡಾಕ್ಟರ್ ಹತ್ತಿರವೂ ಅದಕ್ಕೆ ಪೂರ್ತಿ ಉತ್ತರ ಇಲ್ಲ ಅನ್ನೋದು ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು. ಅಮ್ಮ ಏಳನೇ ಕ್ಲಾಸು. ಅವರು ಒಂದೇ ಸಾಲಲ್ಲಿ ಕೇಳಿದ್ದನ್ನು ತತ್ವಶಾಸ್ತ್ರದವರು ನಾನೂರು ವರ್ಷದಿಂದ 'ಮನಸ್ಸು-ದೇಹದ ಸಮಸ್ಯೆ' ಅಂತ ಕರೆದು ಜಗಳ ಆಡುತ್ತಾ ಬಂದಿದ್ದಾರೆ.

*

ಅಲ್ಲಿಯವರೆಗೆ ನನ್ನ ಹತ್ತಿರ ರೆಡಿಮೇಡ್ ಉತ್ತರ ಇತ್ತು. ಮೆದುಳು ಹಾರ್ಡ್‌ವೇರ್, ಮನಸ್ಸು ಸಾಫ್ಟ್‌ವೇರ್. ಬಿಇ ಓದುವಾಗ ರಜಕ್ಕೆ ಊರಿಗೆ ಹೋದರೆ, ಆತ್ಮ ಪರಮಾತ್ಮ ಅಂತ ಮಾತು ತೆಗೆದವರ ಜೊತೆಗೆಲ್ಲ ಜಗಲಿ ಮೇಲೆ ಕೂತು ಇದನ್ನೇ ವಾದ ಮಾಡುತ್ತಿದ್ದೆ. ಕರೆಂಟ್ ಹೋದರೆ ಪ್ರೋಗ್ರಾಂ ಎಲ್ಲಿಗೆ ಹೋಗುತ್ತೆ? ಎಲ್ಲಿಗೂ ಹೋಗಲ್ಲ, ನಿಲ್ಲುತ್ತೆ, ಅಷ್ಟೇ. ಇದೇನು ನನ್ನ ಸ್ವಂತ ಸಂಶೋಧನೆ ಅಲ್ಲ. 1960ರ ದಶಕದಲ್ಲೇ ಅಮೆರಿಕದ ಹಿಲರಿ ಪಟ್ನಮ್ ಅನ್ನುವ ತತ್ವಜ್ಞಾನಿ ಮನಸ್ಸನ್ನು ಕಂಪ್ಯೂಟರಿನ ಪ್ರೋಗ್ರಾಮಿಗೆ ಹೋಲಿಸಿ ವಾದ ಕಟ್ಟಿದ್ದರು. ತಮಾಷೆ ಅಂದರೆ ಮುಂದೆ ಅವರೇ ಅದು ಸರಿಯಿಲ್ಲ ಅಂತ ಕೈಬಿಟ್ಟರು. ನನ್ನಂಥ ಎಂಜಿನಿಯರುಗಳು ಮಾತ್ರ ಇನ್ನೂ ಹಿಡಿದುಕೊಂಡಿದ್ದೇವೆ.

ಇನ್ನೊಂದು ಕಡೆಯವರಿಗೂ ದಾರಿ ಸಲೀಸಿಲ್ಲ. ದೇಹ ಬೇರೆ, ಮನಸ್ಸು ಬೇರೆಯೇ ಒಂದು ವಸ್ತು ಅಂದವರು ದೆಕಾರ್ತ್. ಅದಕ್ಕೆ 1643ರಲ್ಲಿ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಅವರಿಗೊಂದು ಪತ್ರ ಬರೆದಳು. ಆಗ ಅವಳಿಗೆ ಇಪ್ಪತ್ತನಾಲ್ಕು ವರ್ಷ. ಅವಳು ಕೇಳಿದ್ದು ಸರಳ: ತೂಕ ಇಲ್ಲ, ಆಕಾರ ಇಲ್ಲ, ಜಾಗ ಹಿಡಿಯಲ್ಲ ಅಂತೀರಲ್ಲ ಈ ಮನಸ್ಸು, ಅದು ದೇಹವನ್ನು ಅಲ್ಲಾಡಿಸೋದು ಹೇಗೆ? ತಳ್ಳಬೇಕಾದರೆ ಮುಟ್ಟಬೇಕಲ್ಲ? ಇಬ್ಬರ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. ಆ ಪ್ರಶ್ನೆಗೆ ಸಮಾಧಾನದ ಉತ್ತರ ಮಾತ್ರ ಸಿಗಲಿಲ್ಲ.

ಐಸಿಯು ಹೊರಗೆ ಕೂತಾಗ ನನಗೂ ಅದೇ ಯೋಚನೆ. ತಲೆಯೊಳಗೆ ಹೆಪ್ಪುಗಟ್ಟಿದ ಒಂದಿಷ್ಟು ರಕ್ತ ಅಪ್ಪಯ್ಯನ ಮಾತು, ಸಿಟ್ಟು, ಅಡಿಕೆ ರೇಟಿನ ಲೆಕ್ಕ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ನಿಲ್ಲಿಸಿತ್ತು. ದೇಹಕ್ಕೆ ಸಂಬಂಧವೇ ಇಲ್ಲದ ವಸ್ತುವಾಗಿದ್ದರೆ ಮನಸ್ಸಿಗೆ ಈ ರಕ್ತದಿಂದ ಏನಾಗಬೇಕಿತ್ತು? ಹಾಗಾಗಿ ನಾನು ಹಾರ್ಡ್‌ವೇರ್ ಪಕ್ಷದಲ್ಲೇ ಉಳಿದೆ. ನನ್ನ ಎಕ್ಸೆಲ್ ಶೀಟೂ ಉಳಿಯಿತು.

*

ಆ ಸ್ಕೋರಿನ ಹೆಸರು ಗ್ಲಾಸ್ಗೋ ಕೋಮಾ ಸ್ಕೇಲ್. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಗ್ರಹಾಂ ಟೀಸ್‌ಡೇಲ್, ಬ್ರಯನ್ ಜೆನೆಟ್ ಅನ್ನುವ ಇಬ್ಬರು ಇದನ್ನು ರೂಪಿಸಿ ಪ್ರಕಟಿಸಿದ್ದು 1974ರಲ್ಲಿ. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಕನಿಷ್ಠ 3. ಏನೂ ಸ್ಪಂದಿಸದಿದ್ದರೂ ಸೊನ್ನೆ ಕೊಡಲ್ಲ. ಪೇಶೆಂಟಿನ ಉಗುರಿನ ಮೇಲೆ ಒತ್ತುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, ಕೈ ಎತ್ತಿ ಅಂತಾರೆ. ನೋವಾದಾಗ ಕೈ ಹಿಂದಕ್ಕೆ ಎಳೆದುಕೊಂಡರೆ ಚಲನೆಗೆ ನಾಲ್ಕು. ಹೇಳಿದ್ದನ್ನು ಮಾಡಿದರೆ ಆರು. ಯಾವ ದೇಶದ ಯಾವ ನರ್ಸ್ ಅಳೆದರೂ ಹೆಚ್ಚುಕಮ್ಮಿ ಒಂದೇ ಉತ್ತರ ಬರಬೇಕು ಅನ್ನೋದು ಉದ್ದೇಶ. ನಿಜಕ್ಕೂ ಒಳ್ಳೆಯ ಎಂಜಿನಿಯರಿಂಗ್. ಎಷ್ಟೋ ಜೀವ ಉಳಿಸಿದೆ.

ಅದೇ 1974ರಲ್ಲಿ ಥಾಮಸ್ ನಾಗೆಲ್ ಅನ್ನುವ ಅಮೆರಿಕದ ತತ್ವಜ್ಞಾನಿ ಒಂದು ಲೇಖನ ಬರೆದರು. ಬಾವಲಿಯಾಗಿರುವುದು ಹೇಗಿರುತ್ತದೆ ಅನ್ನೋದೇ ಅದರ ಪ್ರಶ್ನೆ, ಅದೇ ಶೀರ್ಷಿಕೆ. ನಮ್ಮ ತೋಟಕ್ಕೆ ಬಂದು ಹಣ್ಣಡಿಕೆ ಚೀಪಿ ಹೋಗುವ ದೊಡ್ಡ ಬಾವಲಿ ಅಲ್ಲ ಅದು. ಅವಕ್ಕೆ ಕಣ್ಣೇ ಆಧಾರ. ನಾಗೆಲ್ ತೆಗೆದುಕೊಂಡಿದ್ದು ಕತ್ತಲಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ಹುಳ ಹಿಡಿಯುವ ಸಣ್ಣ ಬಾವಲಿ. ಅದರ ಕಿವಿ, ಮೆದುಳು, ಕೂಗಿನ ಫ್ರೀಕ್ವೆನ್ಸಿ ಎಲ್ಲವನ್ನೂ ನಾವು ಅಳೆಯಬಹುದು. ಆದರೆ ಪ್ರತಿಧ್ವನಿಯಿಂದ ಜಗತ್ತು ಕಾಣುವಾಗ ಆ ಬಾವಲಿಗೆ ಹೇಗನ್ನಿಸುತ್ತದೆ ಅನ್ನೋದು ನಮ್ಮ ಅಳತೆಗೆ ಸಿಕ್ಕಿಲ್ಲ. ಹೊರಗಿಂದ ನೋಡಿ ಎಷ್ಟೇ ಬರೆದರೂ ಒಳಗಿಂದ ಇರುವುದು ಹೇಗೆ ಅನ್ನೋದು ಉಳಿದೇ ಹೋಗುತ್ತದೆ ಅಂದರು ನಾಗೆಲ್.

ಒಂದೇ ವರ್ಷ. ಒಂದು ಕಡೆ ಪ್ರಜ್ಞೆಯನ್ನು ಹೊರಗಿಂದ ಅಳೆಯುವ ಪಟ್ಟಿ ಸಿಕ್ಕಿತು. ಇನ್ನೊಂದು ಕಡೆ ಆ ಥರದ ಪಟ್ಟಿಗೆ ಸಿಗದೇ ಉಳಿಯೋದು ಯಾವುದು ಅನ್ನೋದಕ್ಕೆ ಸರಿಯಾದ ಮಾತು ಸಿಕ್ಕಿತು. ನನ್ನ ಎಕ್ಸೆಲ್ ಶೀಟ್ ಗ್ಲಾಸ್ಗೋದ್ದು. ಅಮ್ಮನ ಪ್ರಶ್ನೆ ನಾಗೆಲ್ ಅವರದ್ದು.

*

ಅಪ್ಪಯ್ಯನ ಅಂಗಿ, ವಾಚು, ಎಲೆಯಡಿಕೆ ಸಂಚಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟಿದ್ದರು. ಸಂಚಿಯಲ್ಲಿ ನಾಲ್ಕು ವೀಳ್ಯದೆಲೆ, ಒಂದಿಷ್ಟು ಅಡಿಕೆ, ಸುಣ್ಣದ ಡಬ್ಬಿ. ಎಲೆ ಬಾಡುತ್ತಾ ಇತ್ತು.

ಈ ಮೂರನ್ನೇ ಹಿಡಿದು ನಮ್ಮ ದೇಶದಲ್ಲಿ ಒಬ್ಬರು ಪ್ರಜ್ಞೆಯ ಸಿದ್ಧಾಂತ ಹೇಳಿದ್ದಾರೆ ಅಂದರೆ ನಂಬುತ್ತೀರಾ? ಚಾರ್ವಾಕರು. ಅವರ ಸ್ವಂತ ಗ್ರಂಥಗಳು ಉಳಿದಿಲ್ಲ, ಅವರನ್ನು ಖಂಡಿಸಲು ಬರೆದವರ ಪುಸ್ತಕಗಳಿಂದಲೇ ನಮಗೆ ಅವರ ವಾದ ಗೊತ್ತು. ವಿಜಯನಗರ ಕಾಲದ ಮಾಧವನ 'ಸರ್ವದರ್ಶನಸಂಗ್ರಹ' ಶುರುವಾಗುವುದೇ ಚಾರ್ವಾಕರಿಂದ. ಅಲ್ಲಿ ಹೆಂಡದ ಉದಾಹರಣೆ ಇದೆ. ಹುಳಿ ಬರಿಸುವ ಪದಾರ್ಥಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಅಮಲು ಸೇರಿಸಿದಾಗ ಹುಟ್ಟುತ್ತದೆ, ಹಾಗೇ ಮಣ್ಣು ನೀರು ಗಾಳಿ ಬೆಂಕಿ ಸೇರಿ ದೇಹವಾದಾಗ ಚೈತನ್ಯ ಹುಟ್ಟುತ್ತದೆ. ಶಂಕರರ ಹೆಸರಿನಲ್ಲಿರುವ 'ಸರ್ವಸಿದ್ಧಾಂತಸಂಗ್ರಹ'ದಲ್ಲಿ ಇನ್ನೊಂದು ಉದಾಹರಣೆ ಇದೆ, ಅದು ನಮ್ಮ ಮನೆಯದ್ದೇ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಅಗಿದರೆ ಬಾಯೆಲ್ಲ ಕೆಂಪು. ಆ ಕೆಂಪು ಎಲ್ಲಿಂದ ಬಂತು? ಹೊರಗಿಂದ ಯಾರೂ ತಂದು ಹಾಕಿಲ್ಲ. ಚೈತನ್ಯವೂ ಹಾಗೇ, ದೇಹದ ಹೊರಗಿಂದ ಬಂದ ಆತ್ಮ ಗೀತ್ಮ ಬೇಕಿಲ್ಲ.

ಇದನ್ನು ಮೊದಲು ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ನಮ್ಮ ತೋಟದ ಬೆಳೆಯೇ ನನ್ನ ಪರ ಸಾಕ್ಷಿ ಹೇಳಿದ ಹಾಗೆ. ಕೆಮಿಸ್ಟ್ರಿಯೂ ಸರಿಯಿದೆ. ಅಡಿಕೆಯ ಟ್ಯಾನಿನ್‌ನಂಥ ವಸ್ತುಗಳಿಗೆ ಸುಣ್ಣದ ಕ್ಷಾರ ತಾಗಿದಾಗ ಅವು ಕೆಂಪಾಗುತ್ತವೆ. ಇದರಲ್ಲಿ ಯಾವ ಗುಟ್ಟೂ ಇಲ್ಲ.

ಆದರೆ ಡೀಬಗ್ ಮಾಡುವವರ ಚಟ, ಒಂದು ಸಲ ಪಾಸಾದ ಟೆಸ್ಟನ್ನೇ ಮತ್ತೆ ಕೆದಕುವುದು. ಕೆಮಿಸ್ಟ್ರಿ ವಿವರಿಸಿದ್ದು ಯಾವುದನ್ನು? ಆ ಉಗುಳು ಇಂತಿಷ್ಟು ತರಂಗಾಂತರದ ಬೆಳಕನ್ನು ಹೊರಗೆ ಕಳಿಸುತ್ತದೆ ಅನ್ನೋದನ್ನು. ಅದನ್ನು 'ಕೆಂಪು' ಅಂತ ಅನುಭವಿಸಲು ನೋಡುವವರು ಒಬ್ಬರು ಬೇಕಲ್ಲ? ಬಾಯಿ ಕೆಂಪಾಗಿದೆಯಾ ಅಂತ ಅಪ್ಪಯ್ಯ ನಾಲಿಗೆ ಚಾಚಿ ಕನ್ನಡಿ ನೋಡಿಕೊಳ್ಳುತ್ತಿದ್ದರು. ಆ ನೋಟ, ಆ ಕೆಂಪು ಕೆಂಪಾಗಿ ಕಾಣೋದು, ಅದೇ ನಾವು ವಿವರಿಸಬೇಕಾಗಿದ್ದ ಪ್ರಜ್ಞೆ. ಚಾರ್ವಾಕರ ಉದಾಹರಣೆಯಲ್ಲಿ ನೋಡುವವನು ಮೊದಲೇ ಬಂದು ಕೂತಿದ್ದಾನೆ. ಎಲೆ, ಅಡಿಕೆ, ಸುಣ್ಣದ ಲೆಕ್ಕದಲ್ಲಿ ಅವನನ್ನು ಸೇರಿಸಿಲ್ಲ.

ಇದನ್ನೇ ಬೇರೆ ದಾರಿಯಿಂದ ಹೇಳಿದವರು ಆಸ್ಟ್ರೇಲಿಯಾದ ಫ್ರಾಂಕ್ ಜಾಕ್ಸನ್, 1982ರಲ್ಲಿ. ಮೇರಿ ಅಂತ ಒಬ್ಬಳು ವಿಜ್ಞಾನಿ, ಹುಟ್ಟಿದಾಗಿನಿಂದ ಕಪ್ಪುಬಿಳಿ ಕೋಣೆಯಲ್ಲೇ ಬೆಳೆದಿದ್ದಾಳೆ ಅಂತ ಊಹಿಸಿಕೊಳ್ಳಿ. ಬಣ್ಣದ ಬಗ್ಗೆ, ಕಣ್ಣಿನ ಬಗ್ಗೆ, ಮೆದುಳಿನ ಬಗ್ಗೆ ಭೌತಿಕವಾಗಿ ಗೊತ್ತಾಗಬೇಕಾದದ್ದೆಲ್ಲ ಅವಳಿಗೆ ಗೊತ್ತು. ಒಂದು ದಿನ ಹೊರಗೆ ಬಂದು ಮೊದಲ ಸಲ ಕೆಂಪು ನೋಡುತ್ತಾಳೆ. ಅವಳಿಗೆ ಹೊಸದೇನಾದರೂ ತಿಳಿಯುತ್ತದೆಯೇ? ತಿಳಿಯುತ್ತದೆ ಅನ್ನುವುದಾದರೆ, ಭೌತಿಕ ಸಂಗತಿಗಳ ಪಟ್ಟಿ ಪೂರ್ತಿಯಾದರೂ ಏನೋ ಬಿಟ್ಟುಹೋಗಿತ್ತು ಅಂತಾಯಿತು. ಜಾಕ್ಸನ್ ಕೂಡ ಪಟ್ನಮ್ ಥರ ಮುಂದೆ ಮನಸ್ಸು ಬದಲಾಯಿಸಿ ಭೌತವಾದದ ಕಡೆಗೇ ಬಂದರು. ಈ ವಿಷಯದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ.

ಇನ್ನೊಂದು ಪ್ರಸಂಗ ಹೇಳಿ ಈ ಭಾಗ ಮುಗಿಸುತ್ತೇನೆ. ಮೆದುಳು ಹೇಗೆ ನೆನಪಿಡುತ್ತದೆ, ಗುರುತಿಸುತ್ತದೆ, ಕೈ ಆಡಿಸುತ್ತದೆ ಅನ್ನೋದು ಸುಲಭದ ಸಮಸ್ಯೆಗಳು; ಇದೆಲ್ಲ ನಡೆಯುವಾಗ ಒಳಗೆ ಅನುಭವ ಅಂತ ಯಾಕೆ ಇರಬೇಕು ಅನ್ನೋದು ಕಠಿಣ ಸಮಸ್ಯೆ ಅಂತ 1990ರ ದಶಕದಲ್ಲಿ ಭಾಗ ಮಾಡಿದವರು ಡೇವಿಡ್ ಚಾಮರ್ಸ್. 1998ರಲ್ಲಿ ಮೆದುಳು ವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರ ಜೊತೆ ಬೆಟ್ ಕಟ್ಟಿದರು. ಪ್ರಜ್ಞೆಗೆ ಕಾರಣವಾದ ಮೆದುಳಿನ ಗುರುತು ಇಪ್ಪತ್ತೈದು ವರ್ಷದಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಅಂತ ಕಾಕ್, ಸಿಗಲ್ಲ ಅಂತ ಚಾಮರ್ಸ್. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಕಾಕ್ ಸೋಲು ಒಪ್ಪಿಕೊಂಡು ವೈನ್ ಬಾಟಲಿಗಳನ್ನು ಕೊಟ್ಟರು. ನಾನು ಆ ಸುದ್ದಿ ಓದಿದ್ದು ಅಪ್ಪಯ್ಯ ಬಿದ್ದು ಸುಮಾರು ಒಂದು ವರ್ಷ ಆದ ಮೇಲೆ. ಅಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತ ಪಟ್ಟಿದ್ದ ನಾಚಿಕೆ ಅವತ್ತು ಸ್ವಲ್ಪ ಕಡಿಮೆಯಾಯಿತು.

*

ನಾಚಿಕೆ ಕಡಿಮೆಯಾಗದ ವಿಷಯ ಇನ್ನೊಂದಿದೆ.

ಒಂಬತ್ತನೇ ದಿನ. ಶೀಟಿನಲ್ಲಿ ಎಂ ನಾಲ್ಕರಿಂದ ಮೂರಕ್ಕೆ ಇಳಿದಿತ್ತು. ಊರಿಂದ ಚಿಕ್ಕಪ್ಪ ಬಂದಿದ್ದರು. ಸಂಜೆಯ ವಿಸಿಟಿಂಗ್ ಅವರಿಗೆ ಹತ್ತು ನಿಮಿಷ. ಅಪ್ಪಯ್ಯನ ತಲೆದಿಂಬಿನಿಂದ ಎರಡಡಿ ದೂರದಲ್ಲಿ ನಾವಿಬ್ಬರೂ ನಿಂತಿದ್ದೆವು. ಚಿಕ್ಕಪ್ಪ ತೋಟದ ಮಾತು ತೆಗೆದರು. ಕೊಳೆ ಬಂದಿದೆ, ಇನ್ನೊಂದು ಸಲ ಔಷಧಿ ಹೊಡೆಸಬೇಕು, ಏನು ಮಾಡೋಣ ಅಂತ. ಒಂಬತ್ತು ದಿನದ ನಿದ್ದೆಗೇಡು, ಬಿಲ್ಲು, ಆಫೀಸಿನ ಫೋನು ಎಲ್ಲ ಸೇರಿ ನನ್ನ ಬಾಯಿಂದ ಬಂದಿದ್ದು ಇಷ್ಟು:

"ಇನ್ನೇನ್ ಔಷಧಿ ಚಿಕ್ಕಪ್ಪ. ಹಿಂಗೇ ಇದ್ದು ನರಳೋದಕ್ಕಿಂತ ಇವ್ರು ಹೋದ್ರೇ ವಾಸಿ. ಆಮೇಲೆ ತೋಟ ಮಾರೋದೇ, ನೋಡ್ಕೊಳೋರು ಯಾರಿದಾರೆ?"

ಚಿಕ್ಕಪ್ಪ ನೆಲ ನೋಡಿದರು. ಅಮ್ಮ ಮಂಚದ ಆ ಕಡೆ ಅಪ್ಪಯ್ಯನ ಕಾಲು ಒತ್ತುತ್ತಾ ಇದ್ದರು. ತಲೆ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ.

"ಹೊರಗೆ ಹೋಗಿ ಮಾತಾಡಿ."

ನಾವಿಬ್ಬರೂ ಹೊರಗೆ ಬಂದೆವು. ಹೊರಗೆ ಮಾತಾಡಲಿಲ್ಲ.

ಆಗ ನನಗೆ ಅನ್ನಿಸಿದ್ದು, ಅಮ್ಮನಿಗೆ ದುಃಖ, ಕೇಳಿಸಿಕೊಳ್ಳೋಕಾಗ್ತಿಲ್ಲ, ಪಾಪ. ಅವರು ತಮಗೋಸ್ಕರ ಹೇಳಿದ್ದಲ್ಲ ಅಂತ ಮಾರನೇ ದಿನ ಗೊತ್ತಾಯಿತು. ಅವರ ಹತ್ತು ನಿಮಿಷದ ಸರದಿಯಲ್ಲಿ ಗಾಜಿನಾಚೆ ನಿಂತು ನೋಡಿದೆ. ಅಮ್ಮ ಅಪ್ಪಯ್ಯನ ಕಿವಿ ಹತ್ತಿರ ಬಗ್ಗಿ ಮಾತಾಡುತ್ತಾ ಇದ್ದರು. ಹೊರಗೆ ಬಂದಾಗ ಕೇಳಿದೆ, ಏನು ಹೇಳಿದಿರಿ ಅಂತ. ದನ ಕರು ಹಾಕಿದ್ದು, ಮಳೆ ಬಿಟ್ಟಿದ್ದು, ಔಷಧಿ ಹೊಡೆಯೋಕೆ ಜನ ಸಿಕ್ಕಿದ್ದು. "ನೀನು ಅಂದಿದ್ದನ್ನ ತಲೆಗೆ ಹಚ್ಕೋಬೇಡಿ, ಹುಡುಗನಿಗೆ ನಿದ್ದೆ ಇಲ್ಲ ಅಂತ್ಲೂ ಹೇಳ್ದೆ" ಅಂದರು.

*

ಪಿಂಗ್ ಮಾಡಿದಾಗ ರಿಪ್ಲೈ ಬರಲಿಲ್ಲ ಅಂದರೆ ಸರ್ವರ್ ಸತ್ತಿದೆ ಅಂತ ಅಲ್ಲ. ಇದು ನಮ್ಮ ಫೀಲ್ಡಿಗೆ ಬಂದ ಮೊದಲ ತಿಂಗಳು ಕಲಿಯುವ ಪಾಠ. ಕೇಬಲ್ ಹೋಗಿರಬಹುದು, ಫೈರ್‌ವಾಲ್ ತಡೆದಿರಬಹುದು. ಒಳಗೆ ಪ್ರೋಗ್ರಾಂ ಆರಾಮಾಗಿ ಓಡುತ್ತಲೇ ಇರಬಹುದು. ಹೊಸಬರು ಗಡಿಬಿಡಿಯಲ್ಲಿ ರೀಸ್ಟಾರ್ಟ್ ಮಾಡಲು ಹೋದರೆ ನಾನೇ ಬೈದಿದ್ದೇನೆ. ಹಾರ್ಡ್‌ವೇರ್ ಸಾಫ್ಟ್‌ವೇರ್ ಅಂತ ಊರೆಲ್ಲ ಹೇಳಿಕೊಂಡು ಬಂದವನಿಗೆ ಅಪ್ಪಯ್ಯನ ಮಂಚದ ಪಕ್ಕ ಈ ಸಣ್ಣ ಪಾಠ ನೆನಪಾಗಲಿಲ್ಲ.

ಇದು ಬರೀ ಹೋಲಿಕೆಯಲ್ಲ. 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ ರಸ್ತೆ ಅಪಘಾತವಾಗಿದ್ದ 23 ವರ್ಷದ ಹುಡುಗಿ. ಕಣ್ಣು ಬಿಡುತ್ತಾಳೆ, ಮುಚ್ಚುತ್ತಾಳೆ, ಆದರೆ ಏನು ಹೇಳಿದರೂ ಸ್ಪಂದನೆ ಇಲ್ಲ. ಐದು ತಿಂಗಳಾಗಿತ್ತು. ಅವಳನ್ನು ಎಂಆರ್‌ಐ ಸ್ಕ್ಯಾನರಿನಲ್ಲಿ ಮಲಗಿಸಿ, ಟೆನಿಸ್ ಆಡುತ್ತಾ ಇದ್ದೀಯ ಅಂತ ಕಲ್ಪಿಸಿಕೋ ಅಂದರು. ಕೈಕಾಲು ಚಲನೆಯನ್ನು ಯೋಜಿಸುವ ಮೆದುಳಿನ ಭಾಗ ಚುರುಕಾಯಿತು. ನಿನ್ನ ಮನೆಯಲ್ಲಿ ಒಂದೊಂದೇ ಕೋಣೆಗೆ ಹೋಗುತ್ತಾ ಇದ್ದೀಯ ಅಂತ ಕಲ್ಪಿಸಿಕೋ ಅಂದರು. ಜಾಗದ ನೆನಪಿಗೆ ಸಂಬಂಧಿಸಿದ ಬೇರೆ ಭಾಗಗಳು ಚುರುಕಾದವು. ಆರೋಗ್ಯವಂತರಲ್ಲಿ ಆಗುವ ಹಾಗೇ. ಹೊರಗೆ ಬೆರಳೂ ಅಲ್ಲಾಡದ ಹುಡುಗಿ ಒಳಗೆ ಹೇಳಿದ ಮಾತು ಕೇಳಿ, ಅರ್ಥಮಾಡಿಕೊಂಡು, ಟೆನಿಸ್ ಆಡುತ್ತಿದ್ದಳು.

2010ರಲ್ಲಿ ಇದೇ ಉಪಾಯ ಬಳಸಿ, ಹೌದು ಅನ್ನಲು ಟೆನಿಸ್, ಇಲ್ಲ ಅನ್ನಲು ಮನೆ ಅಂತ ಮಾಡಿ, ಒಬ್ಬ ರೋಗಿಯಿಂದ ಅವನ ಮನೆಮಂದಿಯ ಬಗ್ಗೆ ಸರಿಯಾದ ಉತ್ತರಗಳನ್ನೂ ಪಡೆದರು. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳನ್ನು ಸೇರಿಸಿ ಮಾಡಿದ ಅಧ್ಯಯನ ಬಂತು. ಮಂಚದ ಪಕ್ಕ ನಿಂತು ಹೇಳಿದ್ದಕ್ಕೆ ಯಾವ ಸ್ಪಂದನೆಯನ್ನೂ ತೋರಿಸದ 241 ಜನರಲ್ಲಿ 60 ಜನರ ಮೆದುಳು, ಹೇಳಿದ್ದನ್ನು ಮಾಡಲು ಪ್ರಯತ್ನಿಸುತ್ತಿತ್ತು. ನಾಲ್ಕರಲ್ಲಿ ಒಬ್ಬರು.

ಇದರಿಂದ ಕಠಿಣ ಸಮಸ್ಯೆ ಬಗೆಹರಿಯಿತು ಅಂತ ಹೇಳುತ್ತಿಲ್ಲ. ಸ್ಕ್ಯಾನರ್ ಕೂಡ ಹೊರಗಿನ ಅಳತೆಯೇ, ಗ್ಲಾಸ್ಗೋ ಪಟ್ಟಿಗಿಂತ ಉದ್ದದ್ದು ಅಷ್ಟೇ. ಆ ಹುಡುಗಿಗೆ ಒಳಗೆ ಹೇಗನ್ನಿಸುತ್ತಿತ್ತು ಅನ್ನೋದು ಸ್ಕ್ಯಾನಿನ ಚಿತ್ರದಲ್ಲೂ ಇಲ್ಲ. ಆದರೆ ಒಂದು ವಿಷಯ ಖಚಿತವಾಯಿತು. ಸ್ಪಂದನೆ ಇಲ್ಲ ಅನ್ನೋದರಿಂದ ಒಳಗೆ ಯಾರೂ ಇಲ್ಲ ಅನ್ನೋದಕ್ಕೆ ಜಿಗಿಯುವ ಹಾಗಿಲ್ಲ. ನಾನು ಜಿಗಿದಿದ್ದೆ. ಅಮ್ಮ ಜಿಗಿದಿರಲಿಲ್ಲ.

*

ಹಾಗಾದರೆ ಗೊತ್ತಿಲ್ಲದೇ ಇದ್ದಾಗ ಏನು ಮಾಡಬೇಕು? ಪ್ರಜ್ಞೆ ಅಂದರೇನು ಅಂತ ಕಾಕ್ ಮತ್ತು ಚಾಮರ್ಸ್ ತೀರ್ಮಾನಿಸುವವರೆಗೆ ಐಸಿಯುನಲ್ಲಿ ಕಾಯೋಕಾಗಲ್ಲ. ಅಲ್ಲಿ ವಿಸಿಟಿಂಗ್ ಅವರ್ ಹತ್ತೇ ನಿಮಿಷ.

ನನಗೆ ತೋಚಿದ್ದು ನಮ್ಮ ಫೀಲ್ಡಿನ ಲೆಕ್ಕವೇ. ತಪ್ಪು ಎರಡು ಥರ ಆಗಬಹುದು. ಒಳಗೆ ಯಾರೂ ಇಲ್ಲದಿರುವಾಗ ಇದ್ದಾರೆ ಅಂದುಕೊಂಡು ಮಾತಾಡಿಸೋದು ಒಂದು. ಒಳಗೆ ಇರುವಾಗ ಇಲ್ಲ ಅಂದುಕೊಂಡು, ಸಾಯಲಿ, ತೋಟ ಮಾರೋಣ ಅಂತ ಮುಖದೆದುರೇ ಹೇಳೋದು ಇನ್ನೊಂದು. ಮೊದಲ ತಪ್ಪಿಗೆ ಹೋಗೋದು ನಮ್ಮ ಹತ್ತು ನಿಮಿಷ. ಎರಡನೇ ತಪ್ಪಿನಲ್ಲಿ ಅಲ್ಲಾಡಲೂ ಆಗದೆ, ತಿರುಗಿ ಹೇಳಲೂ ಆಗದೆ ಮಲಗಿರುವ ಮನುಷ್ಯ ತನ್ನ ಮಗನ ಬಾಯಿಂದ ಅದನ್ನು ಕೇಳಿಸಿಕೊಳ್ಳಬೇಕು. ಇವೆರಡನ್ನೂ ತಕ್ಕಡಿಯಲ್ಲಿಡಲು ತತ್ವಶಾಸ್ತ್ರದ ಡಿಗ್ರಿ ಬೇಡ. ಸಂಶಯದ ಲಾಭ ಮಲಗಿರುವವರಿಗೆ ಸಿಗಬೇಕು.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡೂ ನ್ಯಾಯವಾದವೇ. ಮೊದಲನೆಯದನ್ನು ಒಬ್ಬ ಡಾಕ್ಟರ್ ಸ್ನೇಹಿತ ಹೇಳಿದ. ಇದ್ದಾರೆ ಇದ್ದಾರೆ ಅಂತ ಆಸೆ ಹುಟ್ಟಿಸಿದರೆ ಮನೆಯವರು ಜಮೀನು ಅಡವಿಟ್ಟು ವೆಂಟಿಲೇಟರ್ ಎಳೆಯುತ್ತಾರೆ, ರೋಗಿಗೂ ಹಿಂಸೆ. ನಿಜ. ಆದರೆ ಚಿಕಿತ್ಸೆ ಎಲ್ಲಿಯವರೆಗೆ ಅನ್ನೋದು ಒಂದು ಪ್ರಶ್ನೆ, ಚಿಕಿತ್ಸೆ ಇರುವಷ್ಟು ಹೊತ್ತು, ನಿಲ್ಲಿಸುವ ಹೊತ್ತಿನಲ್ಲೂ, ಅವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನೋದು ಇನ್ನೊಂದು. 'ಸಾಕು' ಅಂತ ತೀರ್ಮಾನಿಸುವ ಪರಿಸ್ಥಿತಿ ಬರಬಹುದು. ಒಂಬತ್ತನೇ ದಿನ ನನ್ನ ತಪ್ಪು ಆ ಯೋಚನೆ ಬಂದಿದ್ದಲ್ಲ. ಅವರು ಕೇಳದ ಸಾಮಾನು ಅನ್ನುವ ಹಾಗೆ ಅವರ ತಲೆದಿಂಬಿನ ಪಕ್ಕ ಅದನ್ನು ಆಡಿದ್ದು. ಯೋಚನೆ ಬೇಡ ಅಂತ ಅಮ್ಮನೂ ಹೇಳಲಿಲ್ಲ. ಜಾಗ ತೋರಿಸಿದರು, ಹೊರಗೆ ಅಂತ.

ಎರಡನೇ ಆಕ್ಷೇಪ ಆಫೀಸಿನ ಚಹಾದ ಹೊತ್ತಿನದ್ದು. ಸಂಶಯ ಇದ್ದಲ್ಲೆಲ್ಲ ಒಳಗೆ ಯಾರೋ ಇದ್ದಾರೆ ಅಂತ ನಡೆದುಕೊಳ್ಳಬೇಕು ಅಂದರೆ, ಚಾಟ್‌ಜಿಪಿಟಿಗೂ ದಿನಾ ಬೆಳಗ್ಗೆ ಊಟ ಆಯ್ತಾ ಅಂತ ಕೇಳಬೇಕಾ? ಗ್ಲಾಸ್ಗೋ ಪಟ್ಟಿ ಹಿಡಿದರೆ ಅದಕ್ಕೆ ಮಾತಿನಲ್ಲಿ ಐದಕ್ಕೆ ಐದು. ಅಪ್ಪಯ್ಯನಿಗೆ ಆ ಕಾಲಂನಲ್ಲಿ ನಂಬರೇ ಇರಲಿಲ್ಲ. ಇದಕ್ಕೆ ನನ್ನ ಉತ್ತರ ಪೂರ್ತಿ ಅಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಸಂಶಯಕ್ಕೂ ಆಧಾರ ಬೇಕು. ಅಪ್ಪಯ್ಯ ಹಿಂದಿನ ದಿನದವರೆಗೆ ನನ್ನ ಜೊತೆ ಜಗಳ ಆಡಿದವರು. ಅದೇ ದೇಹ, ಅದೇ ಮೆದುಳು, ಪೆಟ್ಟು ಬಿದ್ದಿದೆ, ಅಷ್ಟೇ. ಒಳಗೆ ಒಬ್ಬರು ಇದ್ದರು ಅನ್ನೋದರಲ್ಲಿ ಸಂಶಯವೇ ಇಲ್ಲ, ಇನ್ನೂ ಇದ್ದಾರಾ ಅನ್ನೋದಷ್ಟೇ ಪ್ರಶ್ನೆ. ಯಂತ್ರದ ವಿಷಯದಲ್ಲಿ ಮೊದಲನೆಯದೇ ತೀರ್ಮಾನವಾಗಿಲ್ಲ, ಮತ್ತು ಅದರ ಮಾತುಗಳು ನಮ್ಮಂಥವರು ಬರೆದ ಮಾತುಗಳಿಂದಲೇ ಕಲಿತದ್ದು. ಮುಂದೊಂದು ದಿನ ಆ ಸಂಶಯಕ್ಕೂ ಆಧಾರ ಸಿಕ್ಕರೆ ಲೆಕ್ಕ ಮತ್ತೆ ಮಾಡಬೇಕಾಗುತ್ತದೆ.

*

ಹದಿನಾರನೇ ದಿನ ಅಪ್ಪಯ್ಯ ಕಣ್ಣು ಬಿಟ್ಟರು. ಹತ್ತೊಂಬತ್ತನೇ ದಿನ ನರ್ಸ್ ಕೈ ಹಿಡಿದು ಒತ್ತಿ ಅಂದಾಗ ಎಡಗೈಯಲ್ಲಿ ಒತ್ತಿದರು. ಎಂ ಆರು. ನಾನು ಶೀಟಿನಲ್ಲಿ ಅದನ್ನು ಬರೆದು ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ತೆರೆಯಲಿಲ್ಲ.

ಈಗ ಊರಲ್ಲಿದ್ದಾರೆ. ಬಲಗೈ ಪೂರ್ತಿ ಬಂದಿಲ್ಲ. ಮಾತು ತಡೆದು ತಡೆದು ಬರುತ್ತದೆ, ಒಂದು ಶಬ್ದಕ್ಕೆ ಹುಡುಕಾಡಿ ಸಿಗದಿದ್ದರೆ ಸಿಟ್ಟು ಬರುತ್ತದೆ, ಸಿಟ್ಟು ಮಾತ್ರ ತಡೆಯಿಲ್ಲದೆ ಬರುತ್ತದೆ. ಎಲೆಯಡಿಕೆ ಬಿಡಿಸಿದ್ದಾರೆ. ಸಂಚಿ ಮಾತ್ರ ಈಗಲೂ ಕೈಯಳತೆಯಲ್ಲೇ ಇರಬೇಕು.

ಆ ಹತ್ತೊಂಬತ್ತು ದಿನದಲ್ಲಿ ಏನಾದರೂ ಕೇಳಿಸಿತ್ತಾ ಅಂತ ನಾನು ಅವರನ್ನು ಕೇಳಿಲ್ಲ. ಜಗತ್ತಿನಲ್ಲಿ ಆ ಪ್ರಶ್ನೆಗೆ ಉತ್ತರ ಇರಬಹುದಾದ ಜಾಗ ಒಂದೇ, ಅದು ನನ್ನೆದುರೇ ಜಗಲಿ ಮೇಲೆ ಕೂತಿರುತ್ತದೆ, ನನಗೆ ಧೈರ್ಯ ಬಂದಿಲ್ಲ. ನೆನಪಿಲ್ಲ ಅಂದರೂ ಅದು ಸಾಕ್ಷಿಯಾಗಲ್ಲ. ಕೇಳಿಸಿ ಆಮೇಲೆ ಮರೆತಿರಬಹುದು.

ಕಳೆದ ಸಲ ಕೊಯ್ಲಿಗೆ ಊರಿಗೆ ಹೋಗಿದ್ದೆ. ಸಂಜೆ ಅಂಗಳದಲ್ಲಿ ಅಡಿಕೆ ಸುಲಿಯುವವರು ಕೂತಿದ್ದರು. ಅಪ್ಪಯ್ಯ ನನ್ನನ್ನು ಹತ್ತಿರ ಕರೆದರು. ಬಹಳ ಹೊತ್ತು ಶಬ್ದ ಹುಡುಕಿದರು. ಆಮೇಲೆ, "ತೋಟ... ಮಾರ್ತೀಯಾ?" ಅಂದರು.

ನನ್ನ ಎದೆ ಧಸಕ್ ಅಂತು. ರಾತ್ರಿಯೆಲ್ಲ ಕೂತು ಕಾರಣಗಳ ಪಟ್ಟಿ ಮಾಡಿದೆ. ಚಿಕ್ಕಪ್ಪ ಹೇಳಿರಬಹುದು. ಅಮ್ಮನೇ ಯಾವಾಗಲೋ ಬಾಯಿ ತಪ್ಪಿ ಅಂದಿರಬಹುದು. ಇಲ್ಲವೇ ಬೆಂಗಳೂರಲ್ಲಿ ಮಗ ಇರುವ ಮಲೆನಾಡಿನ ಯಾವ ಅಪ್ಪನಾದರೂ ಕೇಳುವ ಪ್ರಶ್ನೆಯೇ ಅದು, ಅದಕ್ಕೆ ಒಂಬತ್ತನೇ ದಿನ ಬೇಕಿಲ್ಲ. ನಾಲ್ಕನೇ ಕಾರಣವನ್ನು ಹೊಡೆದುಹಾಕಲು ಮಾತ್ರ ನನ್ನ ಹತ್ತಿರ ಏನೂ ಇಲ್ಲ.

ಅವತ್ತು ಸಂಜೆ ಅವರಿಗೆ ಹೇಳಿದ್ದು ಇಷ್ಟೇ. "ಇಲ್ಲ ಅಪ್ಪಯ್ಯ. ಅವತ್ತು ಅಂದಿದ್ದು ತಪ್ಪಾಯ್ತು."

ಯಾವತ್ತು ಅಂತ ಅವರು ಕೇಳಲಿಲ್ಲ. ಎಡಗೈಯಲ್ಲಿ ಒಂದು ಸುಲಿದ ಅಡಿಕೆ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡುತ್ತಾ ಕೂತರು.